ಸವೆದ ಉಗುರಿನ ಸುಳಿವು

ಕೊಡಗಿನ ತೋಟದ ಮನೆಗಳಲ್ಲಿ ಈ ಕಾಯಿಲೆಯ ಮೊದಲ ಸುಳಿವು ಕಿವಿಗೆ ಬೀಳುತ್ತದೆ. ಒಂಬತ್ತು ಹತ್ತು ವರ್ಷದ ಜರ್ಮನ್ ಶೆಫರ್ಡ್ ರಾತ್ರಿ ಜಗಲಿಯಿಂದ ಎದ್ದು ಗೇಟಿನ ಕಡೆ ಹೊರಟಾಗ ನೆಲದ ಮೇಲೆ ಉಗುರು ಕೆರೆಯುವ ಸದ್ದು. ಮೊದಲು ಒಂದು ಹಿಂಗಾಲು, ಸ್ವಲ್ಪ ದಿನಕ್ಕೆ ಇನ್ನೊಂದು. ಹಗಲು ಪಾದ ಹಿಡಿದು ನೋಡಿದರೆ ನಡುವಿನ ಎರಡು ಬೆರಳುಗಳ ಉಗುರು ಮೇಲ್ಭಾಗದಲ್ಲಿ ಸವೆದಿರುತ್ತದೆ. ಮುಟ್ಟಿದರೆ ನಾಯಿ ನರಳುವುದಿಲ್ಲ. ಸೊಂಟ ಒತ್ತಿದರೂ ಮುಖ ತಿರುಗಿಸುವುದಿಲ್ಲ. ಅನ್ನ ಹಾಕಿದರೆ ಎಂದಿನಂತೆ ತಿನ್ನುತ್ತದೆ, ಜೀಪಿನ ಸದ್ದು ಕೇಳಿದರೆ ಎಂದಿನಂತೆ ಬೊಗಳುತ್ತದೆ. ತಿರುವಿನಲ್ಲಿ ಮಾತ್ರ ಹಿಂಭಾಗ ಒಂದು ಕಡೆಗೆ ಓಲುತ್ತದೆ, ಮೆಟ್ಟಿಲು ಹತ್ತುವಾಗ ಪಾದ ಅಂಚಿಗೆ ತಗುಲುತ್ತದೆ. ಮನೆಯವರು ‘ವಯಸ್ಸಾಯ್ತಲ್ಲ’ ಎನ್ನುತ್ತಾರೆ. ಆ ಮಾತಿನೊಂದಿಗೆ ವಿಚಾರಣೆ ಮುಗಿದುಹೋಗುತ್ತದೆ.

ಅಲ್ಲಿ ಮುಗಿಯಬಾರದು ಎಂಬುದಕ್ಕಾಗಿಯೇ ಈ ಅಧ್ಯಾಯ. ಹಿಂಗಾಲು ಸೋಲುವುದು ರೋಗದ ಹೆಸರಲ್ಲ, ರೋಗದ ಲಕ್ಷಣ. ಅದರ ಹಿಂದೆ ಅಪರೂಪದ ಒಂದು ವಂಶವಾಹಿ ದೋಷ ಇರಬಹುದು. ಮನೆಮಂದಿಯ ಪ್ರಾಣಕ್ಕೇ ಕುತ್ತು ತರುವ ವೈರಸ್ಸೂ ಇರಬಹುದು. ಎರಡಕ್ಕೂ ಅಜಗಜಾಂತರ. ಬೇರ್ಪಡಿಸಿ ನೋಡುವುದನ್ನು ಕಲಿತರೆ ನಾಯಿಗೂ ಒಳ್ಳೆಯದು, ನಮಗೂ ಒಳ್ಳೆಯದು.

ಅಪರೂಪದ್ದನ್ನೇ ಮೊದಲು ನೋಡೋಣ. ಅದಕ್ಕೆ ಪಶುವೈದ್ಯರು ಡೀಜನರೇಟಿವ್ ಮೈಯಲೋಪತಿ ಎನ್ನುತ್ತಾರೆ. ಬೆನ್ನುಹುರಿ ನಿಧಾನವಾಗಿ ಶಿಥಿಲವಾಗುತ್ತ ಹೋಗುವ ಕಾಯಿಲೆ ಇದು. 1973ರಲ್ಲಿ ಅಮೆರಿಕದ ಆವೆರಿಲ್ ಎಂಬ ಪಶುವೈದ್ಯ ವಿಜ್ಞಾನಿ ವಯಸ್ಸಾದ ಜರ್ಮನ್ ಶೆಫರ್ಡ್ ನಾಯಿಗಳಲ್ಲಿ ಇದನ್ನು ವಿವರವಾಗಿ ದಾಖಲಿಸಿದರು. ಅಲ್ಲಿಯವರೆಗೆ ಇಂಥ ನಾಯಿಗಳಿಗೆ ಸೊಂಟದ ಕೀಲಿನ ತೊಂದರೆ ಇದೆ, ಬೆನ್ನುಮೂಳೆ ಸವೆದಿದೆ ಎಂದೇ ಹೇಳಿ ಕಳಿಸುತ್ತಿದ್ದದ್ದು ಹೆಚ್ಚು. ಈಗಲೂ ಆ ಗೊಂದಲ ಪೂರ್ತಿ ಹೋಗಿಲ್ಲ. ಏಕೆಂದರೆ ಮುದಿ ಶೆಫರ್ಡ್‌ಗೆ ಸೊಂಟದ ಕೀಲಿನ ದೋಷವೂ ಇರುತ್ತದೆ, ಎಕ್ಸ್‌ರೇಯಲ್ಲಿ ಅದು ಎದ್ದು ಕಾಣುತ್ತದೆ. ಬೆನ್ನುಹುರಿಯ ನವೆತ ಎಕ್ಸ್‌ರೇಗೆ ಸಿಗುವುದೇ ಇಲ್ಲ. ಕಣ್ಣಿಗೆ ಕಂಡದ್ದರ ಮೇಲೆ ಅಪವಾದ ಬರುತ್ತದೆ.

ನಡೆಯುವುದಕ್ಕೆ ಸ್ನಾಯುಗಳ ಬಲ ಮಾತ್ರ ಸಾಲದು. ಕಾಲು ಈಗ ಎಲ್ಲಿದೆ, ಪಾದ ಯಾವ ಕೋನದಲ್ಲಿ ನೆಲ ಮುಟ್ಟಿದೆ ಎಂಬ ಸುದ್ದಿ ಕ್ಷಣಕ್ಷಣಕ್ಕೂ ಮಿದುಳಿಗೆ ತಲುಪುತ್ತಿರಬೇಕು. ನೀವು ಕಣ್ಣು ಮುಚ್ಚಿ ಮೂಗಿನ ತುದಿ ಮುಟ್ಟಬಲ್ಲಿರಿ. ತೋರುಬೆರಳು ಎಲ್ಲಿದೆ, ಮೂಗು ಎಲ್ಲಿದೆ ಎಂದು ನೋಡದೆಯೇ ಗೊತ್ತಾಗುವ ಆ ಅರಿವು ಸ್ನಾಯು ಮತ್ತು ಕೀಲುಗಳಲ್ಲಿರುವ ಸಂವೇದಕಗಳಿಂದ ಬರುತ್ತದೆ. ನಾಯಿಯಲ್ಲಿ ಇದನ್ನು ಪರೀಕ್ಷಿಸುವ ವಿಧಾನ ಬಹಳ ಸರಳ. ನಿಂತ ನಾಯಿಯ ಹೊಟ್ಟೆಗೆ ಒಂದು ಕೈ ಆಸರೆ ಕೊಟ್ಟು, ಇನ್ನೊಂದು ಕೈಯಿಂದ ಹಿಂಗಾಲಿನ ಪಾದವನ್ನು ಮಗುಚಿ, ಪಾದದ ಮೇಲ್ಭಾಗ ನೆಲಕ್ಕೆ ತಾಗುವಂತೆ ಇಡಬೇಕು. ಆರೋಗ್ಯವಂತ ನಾಯಿ ತಕ್ಷಣ ಪಾದ ತಿರುಗಿಸಿ ಸರಿಯಾಗಿ ಊರುತ್ತದೆ. ಈ ಕಾಯಿಲೆ ಬಂದ ನಾಯಿ ತಡಮಾಡುತ್ತದೆ, ಅಥವಾ ಮಗುಚಿದ ಪಾದದ ಮೇಲೇ ನಿಂತಿರುತ್ತದೆ. ಪಾದ ತಿರುಗಿಸುವ ಶಕ್ತಿ ಅದಕ್ಕೆ ಇನ್ನೂ ಇದೆ. ಪಾದ ಮಗುಚಿಕೊಂಡಿರುವ ಸುದ್ದಿ ಮಾತ್ರ ಮೇಲಕ್ಕೆ ತಲುಪಿಲ್ಲ. ಉಗುರು ಮೇಲ್ಭಾಗದಲ್ಲಿ ಸವೆಯುವುದು ಇದೇ ಕಾರಣಕ್ಕೆ.

ಆ ಸುದ್ದಿ ಹೋಗುವ ದಾರಿ ಬೆನ್ನುಹುರಿಯ ಬಿಳಿಯ ಭಾಗ. ಸಾವಿರಾರು ನರತಂತುಗಳು ಅಲ್ಲಿ ಒತ್ತೊತ್ತಾಗಿ ಸಾಗುತ್ತವೆ, ಪ್ರತಿಯೊಂದಕ್ಕೂ ಮೈಲಿನ್ ಎಂಬ ಕೊಬ್ಬಿನ ಕವಚ. ತೋಟದ ಪಂಪ್‌ಸೆಟ್ಟಿಗೆ ಹೋಗುವ ತಂತಿಯ ಮೇಲಿನ ಪ್ಲಾಸ್ಟಿಕ್ ಕಿತ್ತುಹೋದರೆ ಏನಾಗುತ್ತದೋ ಈ ಕವಚ ಹೋದರೆ ನರತಂತುವಿಗೂ ಹಾಗೆಯೇ: ಸಂದೇಶ ಸೋರುತ್ತದೆ, ನಿಧಾನವಾಗುತ್ತದೆ, ಕೊನೆಗೆ ನಿಲ್ಲುತ್ತದೆ. ಡೀಜನರೇಟಿವ್ ಮೈಯಲೋಪತಿಯಲ್ಲಿ ಕವಚದ ಜೊತೆ ಒಳಗಿನ ತಂತುವೂ ಹಾಳಾಗುತ್ತದೆ. ಹಾನಿ ಮೊದಲು ತೀವ್ರವಾಗಿ ಕಾಣುವುದು ಎದೆಗೂಡಿನ ಭಾಗದ ಬೆನ್ನುಹುರಿಯಲ್ಲಿ. ಮುಂಗಾಲಿನ ನರಗಳು ಅದಕ್ಕಿಂತ ಮೇಲೆ, ಕುತ್ತಿಗೆಯ ಬುಡದಲ್ಲಿ ಕವಲೊಡೆಯುವುದರಿಂದ ಅವುಗಳ ಸಂದೇಶಕ್ಕೆ ಈ ಭಾಗವನ್ನು ದಾಟುವ ಅಗತ್ಯವಿಲ್ಲ. ಹಿಂಗಾಲಿನದು ಮಾತ್ರ ಇಲ್ಲಿ ಹಾದೇ ಹೋಗಬೇಕು. ಹೀಗಾಗಿ ಮುಂದಿನ ಅರ್ಧ ದೇಹ ಗಟ್ಟಿಯಾಗಿದ್ದು ಹಿಂದಿನ ಅರ್ಧ ಸೋಲುತ್ತದೆ. ಆರಂಭದಲ್ಲಿ ಮಂಡಿಗೆ ತಟ್ಟಿದರೆ ಕಾಲು ಎಂದಿನಂತೆ ಚಿಮ್ಮುತ್ತದೆ. ಆ ಪ್ರತಿಕ್ರಿಯೆಯ ಮಂಡಲ ಸೊಂಟದ ಭಾಗದಲ್ಲೇ ಮುಗಿಯುವುದರಿಂದ ಮಿದುಳಿನ ಅಪ್ಪಣೆ ಬೇಕಿಲ್ಲ. ಇದನ್ನು ಗಮನಿಸಿದ ವೈದ್ಯರಿಗೆ ಹಾನಿ ಎಲ್ಲಿದೆ ಎಂಬ ಅಂದಾಜು ಅಲ್ಲೇ ಸಿಗುತ್ತದೆ.

ಕಾಯಿಲೆ ಸಾಮಾನ್ಯವಾಗಿ ಎಂಟು ವರ್ಷ ದಾಟಿದ ಮೇಲೆ ಬರುತ್ತದೆ. ತಿಂಗಳುಗಳ ಲೆಕ್ಕದಲ್ಲಿ ಬೆಳೆಯುತ್ತದೆ. ದೊಡ್ಡ ಜಾತಿಯ ನಾಯಿಗಳು ಆರು ತಿಂಗಳಿನಿಂದ ಒಂದು ವರ್ಷದೊಳಗೆ ಹಿಂಗಾಲಿನ ಮೇಲೆ ನಿಲ್ಲಲಾರದ ಸ್ಥಿತಿಗೆ ಬರುವುದುಂಟು. ಕಾರ್ಗಿಯಂಥ ಚಿಕ್ಕ ನಾಯಿಗಳು ಇನ್ನೂ ಹೆಚ್ಚು ಕಾಲ ತಳ್ಳುತ್ತವೆ. ಹಾಗೇ ಬಿಟ್ಟರೆ ಮಲಮೂತ್ರದ ಹಿಡಿತ ತಪ್ಪುತ್ತದೆ, ಮುಂಗಾಲೂ ಸೋಲುತ್ತದೆ, ಕೊನೆಗೆ ನುಂಗುವುದಕ್ಕೂ ಉಸಿರಾಟಕ್ಕೂ ತೊಂದರೆಯಾಗುತ್ತದೆ. ಇಷ್ಟೆಲ್ಲದರಲ್ಲೂ ನೋವಿಲ್ಲ ಎಂಬುದು ಈ ಕಾಯಿಲೆಯ ವಿಚಿತ್ರ ಗುಣ.

ಕಾರಣ ಸಿಗಲು 36 ವರ್ಷ ಹಿಡಿಯಿತು. 2009ರಲ್ಲಿ ಮಿಸೌರಿ ವಿಶ್ವವಿದ್ಯಾಲಯ ಮತ್ತು ಬ್ರಾಡ್ ಸಂಸ್ಥೆಯ ಸಂಶೋಧಕರು ಕಾಯಿಲೆ ಬಂದ ಕಾರ್ಗಿ ನಾಯಿಗಳ ಡಿಎನ್‌ಎಯನ್ನು ಆರೋಗ್ಯವಂತ ಕಾರ್ಗಿಗಳ ಡಿಎನ್‌ಎ ಜೊತೆ ಹೋಲಿಸಿ ನೋಡಿದರು. ಬಾಕ್ಸರ್, ಜರ್ಮನ್ ಶೆಫರ್ಡ್, ರೊಡೀಷಿಯನ್ ರಿಡ್ಜ್‌ಬ್ಯಾಕ್, ಚೆಸಪೀಕ್ ಬೇ ರಿಟ್ರೀವರ್ ಜಾತಿಗಳಲ್ಲೂ ಆ ಹೋಲಿಕೆಯಲ್ಲಿ ಕಂಡದ್ದನ್ನು ಖಚಿತಪಡಿಸಿಕೊಂಡರು. ಎಲ್ಲ ದಾರಿಗಳೂ ಒಂದೇ ವಂಶವಾಹಿಗೆ ಬಂದು ನಿಂತವು. ಅದರ ಹೆಸರು ಎಸ್‌ಒಡಿ1.

ಹೆಸರು ಸಪ್ಪೆ, ಆದರೆ ಕೆಲಸ ದೊಡ್ಡದು. ಜೀವಕೋಶ ಆಮ್ಲಜನಕ ಬಳಸುವಾಗಲೆಲ್ಲ ಸೂಪರಾಕ್ಸೈಡ್ ಎಂಬ ಉರಿಯುವ ಸ್ವಭಾವದ ಅಣು ಹುಟ್ಟುತ್ತದೆ. ಅದನ್ನು ಹಿಡಿದು ತಣಿಸುವ ಕಿಣ್ವವನ್ನು 1969ರಲ್ಲಿ ಜೋ ಮೆಕಾರ್ಡ್ ಮತ್ತು ಇರ್ವಿನ್ ಫ್ರಿಡೊವಿಚ್ ಗುರುತಿಸಿದರು. ಆ ಕಿಣ್ವವನ್ನು ತಯಾರಿಸುವ ಸೂಚನೆ ಎಸ್‌ಒಡಿ1 ವಂಶವಾಹಿಯಲ್ಲಿದೆ. ಕಾಯಿಲೆಯ ನಾಯಿಗಳಲ್ಲಿ ಆ ಸೂಚನೆಯ 118ನೆಯ ಅಕ್ಷರ ಬದಲಾಗಿರುತ್ತದೆ: ಜಿ ಇರಬೇಕಾದಲ್ಲಿ ಎ. ಅದರಿಂದಾಗಿ ಪ್ರೋಟೀನಿನ 40ನೆಯ ಜಾಗದಲ್ಲಿ ಗ್ಲುಟಾಮಿಕ್ ಆಮ್ಲದ ಬದಲು ಲೈಸೀನ್ ಬಂದು ಕೂರುತ್ತದೆ. ಮೊದಲನೆಯದಕ್ಕೆ ಋಣ ವಿದ್ಯುದಂಶ, ಎರಡನೆಯದಕ್ಕೆ ಧನ. ಒಂದು ಬಿಂದುವಿನಲ್ಲಿ ವಿದ್ಯುದಂಶ ತಲೆಕೆಳಗಾದರೆ ಇಡೀ ಪ್ರೋಟೀನಿನ ಮಡಿಕೆ ಅಸ್ಥಿರವಾಗುತ್ತದೆ. ಸರಿಯಾಗಿ ಮಡಿಚಿಕೊಳ್ಳದ ಪ್ರೋಟೀನುಗಳು ನರಕೋಶದೊಳಗೆ ಮುದ್ದೆಗಟ್ಟುತ್ತವೆ.

ಕಿಣ್ವ ಕೆಲಸ ನಿಲ್ಲಿಸಿದ್ದೇ ತೊಂದರೆ ಎಂದು ಅನ್ನಿಸುವುದು ಸಹಜ. ಹಾಗಲ್ಲ. ಈ ವಂಶವಾಹಿಯನ್ನೇ ತೆಗೆದುಹಾಕಿದ ಇಲಿಗಳನ್ನು 1996ರಲ್ಲಿ ಪ್ರಯೋಗಾಲಯದಲ್ಲಿ ಬೆಳೆಸಿ ನೋಡಿದಾಗ ಅವಕ್ಕೆ ಇಂಥ ಪಾರ್ಶ್ವವಾಯು ಬರಲಿಲ್ಲ. ಅಂದರೆ ಕಿಣ್ವದ ಕೊರತೆಗಿಂತ ಕೆಟ್ಟ ಕಿಣ್ವದ ಇರವೇ ವಿಷ. ಚಿಕಿತ್ಸೆಯ ದಿಕ್ಕನ್ನು ನಿರ್ಧರಿಸಿದ್ದು ಈ ತಿಳಿವಳಿಕೆ: ಕೊರತೆಯನ್ನು ತುಂಬಲು ಹೋಗಬೇಡಿ, ಕೆಟ್ಟದ್ದರ ತಯಾರಿಯನ್ನು ತಗ್ಗಿಸಿ.

ತಂದೆಯಿಂದೊಂದು, ತಾಯಿಯಿಂದೊಂದು ಹೀಗೆ ಎರಡೂ ಪ್ರತಿ ಕೆಟ್ಟಿದ್ದರೆ ನಾಯಿ ಅಪಾಯದ ಗುಂಪಿಗೆ ಸೇರುತ್ತದೆ. ಹಾಗಿದ್ದೂ ಎಲ್ಲ ನಾಯಿಗಳಿಗೆ ಕಾಯಿಲೆ ಬರುವುದಿಲ್ಲ. ಎರಡೂ ಪ್ರತಿ ಕೆಟ್ಟಿದ್ದು ಮುಪ್ಪಿನವರೆಗೆ ಓಡಾಡಿಕೊಂಡಿದ್ದ ನಾಯಿಗಳಿವೆ. ಈ ಬದಲಾವಣೆ ಈಗ ನೂರಕ್ಕೂ ಹೆಚ್ಚು ಜಾತಿಗಳಲ್ಲಿ ಸಿಕ್ಕಿದೆ. ಇಷ್ಟು ಬೇರೆ ಬೇರೆ ಜಾತಿಗಳಲ್ಲಿ ಅದೇ ಅಕ್ಷರ ಅದೇ ರೀತಿ ತಪ್ಪಿದೆ ಎಂದರೆ, ಜಾತಿಗಳು ಬೇರೆಯಾಗುವ ಮುಂಚೆಯೇ ಯಾವುದೋ ಪೂರ್ವಜ ನಾಯಿಯಲ್ಲಿ ಅದು ಹುಟ್ಟಿರಬೇಕು. ಪ್ರಕೃತಿ ಅದನ್ನು ಏಕೆ ಅಳಿಸಲಿಲ್ಲ? ಕಾಯಿಲೆ ಬರುವುದು ಎಂಟು ವರ್ಷದ ಮೇಲೆ. ಅಷ್ಟರಲ್ಲಿ ನಾಯಿ ಮರಿ ಹಾಕಿ, ಮರಿಗಳೂ ಮರಿ ಹಾಕಿಯಾಗಿರುತ್ತದೆ. ಸಂತಾನದ ನಂತರ ಬರುವ ಕೇಡಿಗೆ ನೈಸರ್ಗಿಕ ಆಯ್ಕೆಯ ಕೈ ಎಟುಕುವುದಿಲ್ಲ.

ಹಳೆಯ ದೋಷವನ್ನು ಕೆಲವು ಮನೆತನಗಳಲ್ಲಿ ಒಟ್ಟುಗೂಡಿಸಿದ್ದು ಮಾತ್ರ ಮನುಷ್ಯನೇ. ಜರ್ಮನ್ ಶೆಫರ್ಡ್ ಎಂಬ ಜಾತಿಯ ನೋಂದಣಿ ಶುರುವಾದದ್ದು 1899ರಲ್ಲಿ, ಮ್ಯಾಕ್ಸ್ ಫಾನ್ ಸ್ಟೆಫಾನಿಟ್ಸ್ ಎಂಬ ಸೇನಾಧಿಕಾರಿ ಕೊಂಡ ಹೊರಾಂಡ್ ಎಂಬ ಒಂದು ಗಂಡುನಾಯಿಯಿಂದ. ಜಗತ್ತಿನ ಅಷ್ಟೂ ಶೆಫರ್ಡ್‌ಗಳ ವಂಶವೃಕ್ಷ ಆ ಸಣ್ಣ ಗುಂಪಿಗೆ ಹೋಗಿ ಮುಟ್ಟುತ್ತದೆ. ಕಿವಿ ನೆಟ್ಟಗಿರಲಿ, ಬೆನ್ನು ಇಳಿಜಾರಿರಲಿ ಎಂದು ರಕ್ತಸಂಬಂಧದೊಳಗೇ ಕೂಡಿಸುತ್ತ ಹೋದಾಗ ಬೇಕಾದ ಗುಣದ ಜೊತೆ ಬೇಡದ್ದೂ ಜೋಡಿಯಾಗಿ ಬರುತ್ತದೆ.

ಕೊಡಗಿಗೆ ಈ ಮಾತು ಏಕೆ ಮುಖ್ಯ ಎಂದರೆ, ಇಲ್ಲಿ ನಾಯಿಯಿಲ್ಲದ ತೋಟದ ಮನೆ ಅಪರೂಪ. ಬೇಟೆ ಕೊಡವರ ಬದುಕಿನ ಭಾಗವಾಗಿದ್ದ ಕಾಲದಲ್ಲಿ ನಾಟಿ ನಾಯಿಗಳು ಹಂದಿಯ ಜಾಡು ಹಿಡಿದು ಓಡುತ್ತಿದ್ದವು. 1854ರಲ್ಲಿ ಜಾನ್ ಫೌಲರ್ ಮಡಿಕೇರಿ ಬಳಿ ಕಾಫಿ ತೋಟ ತೆರೆದ ಮೇಲೆ ಯುರೋಪಿನ ಪ್ಲಾಂಟರುಗಳು ಒಬ್ಬರ ಹಿಂದೊಬ್ಬರು ಬಂದರು. ಬಂಗಲೆಗಳಲ್ಲಿ ಜಾತಿನಾಯಿ ಸಾಕುವ ರೂಢಿಯೂ ಬೆಳೆಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದು ಬೇಟೆ ನಿಂತ ಮೇಲೆ ನಾಯಿಯ ಕೆಲಸ ಕಾವಲು ಎಂದಾಯಿತು. ಕಾಫಿ ಕಣ, ಮೆಣಸಿನ ಬಳ್ಳಿ, ಒಂಟಿ ಮನೆ: ಕಾಯಲು ಬೇಕಾದಷ್ಟಿದೆ. ಶೆಫರ್ಡ್, ಡಾಬರ್‌ಮನ್, ರಾಟ್‌ವೀಲರ್, ಲ್ಯಾಬ್ರಡಾರ್ ಎಲ್ಲವೂ ಬಂದವು. ಒಳ್ಳೆಯ ಊಟ, ಲಸಿಕೆ, ಔಷಧ ಸಿಗುವ ಈ ನಾಯಿಗಳು ಈಗ ಹತ್ತು ಹನ್ನೆರಡು ವರ್ಷ ಬದುಕುತ್ತವೆ. ಮುಪ್ಪಿನ ನರರೋಗಗಳು ಕಾಣಿಸಿಕೊಳ್ಳಲು ಬೇಕಾದ ಆಯುಸ್ಸು ಅವಕ್ಕೆ ಸಿಕ್ಕಿದೆ.

ಇದೇ ಎಸ್‌ಒಡಿ1 ಮನುಷ್ಯರಿಗೂ ಅಪರಿಚಿತವಲ್ಲ. ಕೈಕಾಲು ಸೋತು, ಮಾತು ಸೋತು, ಕೊನೆಗೆ ಉಸಿರೇ ಸೋಲುವ ಎಎಲ್‌ಎಸ್ ಎಂಬ ಕಾಯಿಲೆಯನ್ನು 19ನೆಯ ಶತಮಾನದಲ್ಲಿ ಫ್ರಾನ್ಸಿನ ಶಾರ್ಕೊ ವಿವರಿಸಿದರು. ಬೇಸ್‌ಬಾಲ್ ಆಟಗಾರ ಲೂ ಗೆರಿಗ್ 1941ರಲ್ಲಿ ತೀರಿಕೊಂಡದ್ದು ಅದರಿಂದ. ಸ್ಟೀಫನ್ ಹಾಕಿಂಗ್‌ಗೆ 21ನೆಯ ವಯಸ್ಸಿನಲ್ಲಿ ಬಂದದ್ದೂ ಇದೇ ಗುಂಪಿನ ಕಾಯಿಲೆ. ವಂಶಪಾರಂಪರ್ಯವಾಗಿ ಎಎಲ್‌ಎಸ್ ಬರುವ ಕೆಲವು ಕುಟುಂಬಗಳಲ್ಲಿ ಎಸ್‌ಒಡಿ1 ದೋಷವೇ ಕಾರಣ ಎಂದು 1993ರಲ್ಲಿ ಗೊತ್ತಾಗಿತ್ತು. ಹದಿನಾರು ವರ್ಷದ ನಂತರ ಅದೇ ವಂಶವಾಹಿ ನಾಯಿಯಲ್ಲಿ ಸಿಕ್ಕಾಗ ವಿಜ್ಞಾನಿಗಳು ಎದ್ದು ಕೂತರು. ಪ್ರಯೋಗದ ಇಲಿಗೆ ಮನುಷ್ಯನ ಕೆಟ್ಟ ವಂಶವಾಹಿಯನ್ನು ತುರುಕಿ ರೋಗ ಬರಿಸಬೇಕು. ನಾಯಿಗೆ ಅದು ತಾನಾಗಿಯೇ ಬರುತ್ತದೆ, ಮುಪ್ಪಿನಲ್ಲೇ ಬರುತ್ತದೆ, ನಮ್ಮದೇ ಮನೆಯ ಗಾಳಿ ನೀರಿನಲ್ಲಿ ಬರುತ್ತದೆ. ಎಸ್‌ಒಡಿ1 ಪ್ರೋಟೀನಿನ ತಯಾರಿಯನ್ನೇ ತಗ್ಗಿಸುವ ಟೋಫರ್ಸೆನ್ ಎಂಬ ಔಷಧಕ್ಕೆ 2023ರ ಏಪ್ರಿಲ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಚುಚ್ಚುವ ಔಷಧ ಅದು, ಎಸ್‌ಒಡಿ1 ದೋಷವಿರುವ ಮನುಷ್ಯರಿಗೆ ಮಾತ್ರ. ನಮ್ಮ ಜಗಲಿಯ ನಾಯಿಗೆ ಇನ್ನೂ ಅಂಥದ್ದಿಲ್ಲ.

ದಕ್ಷಿಣ ಭಾರತದ ನರವಿಜ್ಞಾನಕ್ಕೆ ಅಪರೂಪದ ರೋಗಗಳನ್ನು ತಾಳ್ಮೆಯಿಂದ ಎಣಿಸಿದ ಹೆಮ್ಮೆಯ ಚರಿತ್ರೆ ಇದೆ. ಎಳೆಯ ವಯಸ್ಸಿನವರಲ್ಲಿ ಕೈಕಾಲು ಕೃಶವಾಗಿ, ಮುಖ ನಾಲಗೆಯ ಸ್ನಾಯು ಸೋತು, ಕಿವಿಯೂ ಮಂದವಾಗುವ ಒಂದು ರೋಗವನ್ನು 1970ರಲ್ಲಿ ಮದ್ರಾಸಿನ ವೈದ್ಯರು ಗುರುತಿಸಿದರು; ಅದಕ್ಕೆ ಮದ್ರಾಸ್ ಮೋಟಾರ್ ನ್ಯೂರಾನ್ ಕಾಯಿಲೆ ಎಂದೇ ಹೆಸರಾಯಿತು. ಬೆಂಗಳೂರಿನ ನಿಮ್ಹಾನ್ಸ್ 1971ರಿಂದ 2007ರವರೆಗೆ ತನ್ನಲ್ಲಿಗೆ ಬಂದ ಅಂಥ 116 ರೋಗಿಗಳ ವಿವರ ಪ್ರಕಟಿಸಿತು. ಒಂದೇ ಕೈ ಅಥವಾ ಒಂದೇ ಕಾಲು ಸೊರಗಿ ಅಲ್ಲಿಗೇ ನಿಲ್ಲುವ ಇನ್ನೊಂದು ರೋಗವನ್ನು ಗೌರಿದೇವಿ ಮತ್ತು ಸಂಗಡಿಗರು 1984ರಲ್ಲಿ ಅಲ್ಲಿಂದಲೇ ಜಗತ್ತಿಗೆ ತಿಳಿಸಿದರು. ಒಂದು ಊರಿಗೆ ಒಬ್ಬ ರೋಗಿ ಸಿಗುವ ಕಾಯಿಲೆ ಹೀಗೆ ಕೂಡಿಸಿ ಬರೆದಿಟ್ಟಾಗ ಮಾತ್ರ ಅರ್ಥವಾಗುತ್ತದೆ. ನಾಯಿಗಳ ವಿಷಯದಲ್ಲೂ ನಮಗೆ ಆ ಶ್ರದ್ಧೆ ಬೇಕು ಎಂದು ನಾನು ದೃಢವಾಗಿ ನಂಬಿದ್ದೇನೆ. ಡೀಜನರೇಟಿವ್ ಮೈಯಲೋಪತಿಯನ್ನು ಖಚಿತವಾಗಿ ಹೇಳಲು ಸತ್ತ ನಂತರ ಬೆನ್ನುಹುರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಲೇಬೇಕು. ಬದುಕಿರುವಾಗ ಮಾಡಬಹುದಾದದ್ದು ಉಳಿದ ಕಾರಣಗಳನ್ನು ಒಂದೊಂದಾಗಿ ಹೊರಗಿಡುವುದು.

ಕೊಡಗಿನಲ್ಲಿ ಹೊರಗಿಡಬೇಕಾದ ಮೊದಲ ಕಾರಣ ರೇಬಿಸ್. ಹುಚ್ಚುನಾಯಿ ಎಂದರೆ ಕೆಂಗಣ್ಣು ಬಿಟ್ಟುಕೊಂಡು, ಸಿಕ್ಕವರನ್ನು ಕಚ್ಚುತ್ತ ಓಡುವ ಚಿತ್ರ ನಮ್ಮ ಮನಸ್ಸಿನಲ್ಲಿ ಗಟ್ಟಿಯಾಗಿದೆ. ರೇಬಿಸ್‌ಗೆ ಇನ್ನೊಂದು ಮುಖವಿದೆ, ಮೂಕ ಮುಖ. ಅದರಲ್ಲಿ ನಾಯಿ ಸುಮ್ಮನಾಗುತ್ತದೆ, ಮೂಲೆ ಹಿಡಿಯುತ್ತದೆ, ಹಿಂಗಾಲು ಎಳೆಯುತ್ತದೆ. ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ, ದನಿ ಬದಲಾಗುತ್ತದೆ, ನೀರು ನುಂಗಲು ಆಗುವುದಿಲ್ಲ. ಇದನ್ನು ಕಂಡ ಮನೆಯವರು ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಬಾಯೊಳಗೆ ಕೈ ಹಾಕುತ್ತಾರೆ. ಪ್ರೀತಿಯಿಂದ ಮಾಡಿದ ಆ ಕೆಲಸದಲ್ಲಿ ಜೊಲ್ಲು ಕೈಯ ತರಚುಗಾಯಕ್ಕೆ ತಗುಲುತ್ತದೆ. ತೋಟದ ಕೆಲಸ ಮಾಡುವ ಯಾರ ಕೈಯಲ್ಲಿ ತರಚುಗಾಯ ಇರುವುದಿಲ್ಲ? ಲಕ್ಷಣ ಕಾಣಿಸಿಕೊಂಡ ಮೇಲೆ ರೇಬಿಸ್‌ಗೆ ಮದ್ದಿಲ್ಲ, ನಾಯಿಗೂ ಇಲ್ಲ, ಮನುಷ್ಯನಿಗೂ ಇಲ್ಲ.

ಬೇರ್ಪಡಿಸುವ ಸೂತ್ರ ವೇಗ. ರೇಬಿಸ್ ದಿನಗಳ ಲೆಕ್ಕದಲ್ಲಿ ಏರಿ, ಹತ್ತು ದಿನದೊಳಗೆ ನಾಯಿಯನ್ನು ಮುಗಿಸುತ್ತದೆ. ಬೆನ್ನುಹುರಿಯ ನವೆತ ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತದೆ. ನಾಯಿಯ ಬುದ್ಧಿ, ದನಿ, ಹಸಿವು ಬಹುಕಾಲ ಕೆಡುವುದಿಲ್ಲ. ಹಾಗೆಂದು ವೇಗ ನೋಡುತ್ತ ಕಾಯುವುದು ಸರಿಯಲ್ಲ. ಲಸಿಕೆ ಹಾಕಿಸದ ನಾಯಿ, ಅದೂ ಇದ್ದಕ್ಕಿದ್ದಂತೆ ಹಿಂಗಾಲು ಎಳೆದರೆ ಬರಿಗೈಯಲ್ಲಿ ಮುಟ್ಟಬಾರದು, ಬಾಯಿಗಂತೂ ಕೈ ಹಾಕಲೇಬಾರದು. ಕಚ್ಚಿದ್ದರೆ, ಗಾಯಕ್ಕೆ ಜೊಲ್ಲು ತಾಗಿದ್ದರೆ, ಹರಿಯುವ ನೀರಿನಲ್ಲಿ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ರೇಬಿಸ್ ಲಸಿಕೆ ಹಾಕಿಸಿಕೊಳ್ಳಬೇಕು. ಒಂದು ಶತಮಾನದ ಹಿಂದೆ ಈ ಲಸಿಕೆಗಾಗಿ ದಕ್ಷಿಣದವರು 1907ರಲ್ಲಿ ತೆರೆದ ಕೂನೂರಿನ ಪಾಶ್ಚರ್ ಸಂಸ್ಥೆಯತ್ತ ಮುಖ ಮಾಡಬೇಕಿತ್ತು. ಇವತ್ತು ಹತ್ತಿರದ ಸರ್ಕಾರಿ ಆಸ್ಪತ್ರೆ ಸಾಕು.

ಎರಡನೆಯದು ಡಿಸ್ಟೆಂಪರ್. ಮನುಷ್ಯರ ದಡಾರಕ್ಕೂ, 2011ರಲ್ಲಿ ಭೂಮಿಯಿಂದಲೇ ತೊಲಗಿದ ದನಗಳ ದೊಡ್ಡರೋಗಕ್ಕೂ ಇದು ದಾಯಾದಿ ವೈರಸ್. ಮೊದಲು ಜ್ವರ, ಕಣ್ಣು ಮೂಗಿನಲ್ಲಿ ಕೀವು, ಭೇದಿ. ಕೆಲವು ನಾಯಿಗಳ ಅಂಗಾಲು ಗಟ್ಟಿಯಾಗಿ ಬಿರುಕು ಬಿಡುತ್ತದೆ. ಗುಣವಾಯಿತು ಎಂದು ಮನೆಯವರು ನಿಟ್ಟುಸಿರು ಬಿಟ್ಟ ವಾರಗಳ ನಂತರ ನರಮಂಡಲದ ಸರದಿ: ಅಪಸ್ಮಾರ, ಹಿಂಗಾಲಿನ ಸೋಲು, ಒಂದೇ ಸ್ನಾಯು ತಾಳ ಹಾಕಿದಂತೆ ಅದುರುವುದು. ಆ ಅದುರುವಿಕೆ ನಿದ್ದೆಯಲ್ಲೂ ನಿಲ್ಲುವುದಿಲ್ಲ, ಬದುಕುಳಿದ ನಾಯಿಗೆ ಅದು ಜೀವನಪೂರ್ತಿ ಉಳಿಯಬಹುದು. ಮರಿಗಳಿಗೆ ಹೆಚ್ಚು ಬಂದರೂ ಲಸಿಕೆ ಇಲ್ಲದ ದೊಡ್ಡ ನಾಯಿಗಳನ್ನೂ ಬಿಡುವುದಿಲ್ಲ.

ಡಿಸ್ಟೆಂಪರ್ ವಿಷಯದಲ್ಲಿ ಕೊಡಗಿನವರ ಜವಾಬ್ದಾರಿ ಬೇರೆಯವರಿಗಿಂತ ದೊಡ್ಡದು ಎಂದೇ ನನ್ನ ಅಭಿಪ್ರಾಯ. ಕುಟ್ಟ, ತಿತಿಮತಿ ಕಡೆಯ ತೋಟಗಳ ಬೇಲಿಯಾಚೆ ನಾಗರಹೊಳೆ ಕಾಡಿದೆ. ಹುಲಿ, ಚಿರತೆ, ಸೀಳುನಾಯಿ ಎಲ್ಲಕ್ಕೂ ಈ ವೈರಸ್ ತಗುಲಬಲ್ಲದು. ತೋಟದ ನಾಯಿಯನ್ನು ಚಿರತೆ ಹೊತ್ತೊಯ್ಯುವುದು ಇಲ್ಲಿ ಹೊಸ ಸುದ್ದಿಯಲ್ಲ; ನಾಯಿಯ ಜೊತೆ ಅದರ ವೈರಸ್ಸೂ ಕಾಡಿಗೆ ಹೋಗುತ್ತದೆ. 1994ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಮೂರನೆಯ ಒಂದು ಭಾಗ ಸಿಂಹಗಳು ಡಿಸ್ಟೆಂಪರ್‌ಗೆ ಬಲಿಯಾದವು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಕೆಲವೇ ವಾರಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ ಅವುಗಳ ಮಾದರಿಗಳಲ್ಲಿ ಇದೇ ವೈರಸ್ ಸಿಕ್ಕಿತು. ಕಾಡಂಚಿನ ಮನೆಯ ಮರಿಗೆ ಹಾಕುವ ಒಂದು ಸೂಜಿ ಕಾಡಿನ ಒಳಗಿನ ಜೀವಕ್ಕೂ ಕಾವಲು.

ಉಳಿದವನ್ನು ಬೇಗ ಹೇಳಿಬಿಡುತ್ತೇನೆ. ಡ್ಯಾಷ್‌ಹಂಡ್‌ನಂಥ ಗಿಡ್ಡಗಾಲಿನ ಉದ್ದ ನಾಯಿ ಸೋಫಾದಿಂದ ಹಾರಿ ಒಂದೇ ಸಲಕ್ಕೆ ಹಿಂಗಾಲು ಕಳೆದುಕೊಂಡು ಕಿರುಚಿದರೆ ಬೆನ್ನುಮೂಳೆಯ ನಡುವಿನ ಡಿಸ್ಕ್ ಜಾರಿ ಹುರಿಯನ್ನು ಒತ್ತಿದೆ ಎಂದು ಶಂಕಿಸಬೇಕು. ಕಾಲು ಗಿಡ್ಡವಾಗಲು ಕಾರಣವಾದ ವಂಶವಾಹಿ ಬದಲಾವಣೆಯೊಂದು ಡಿಸ್ಕನ್ನೂ ಬೇಗ ಗಡುಸಾಗಿಸುತ್ತದೆ ಎಂದು 2017ರಲ್ಲಿ ತಿಳಿಯಿತು. ಇಲ್ಲಿ ಗಂಟೆಗಳಿಗೆ ಬೆಲೆಯಿದೆ. ಬೆರಳನ್ನು ಜೋರಾಗಿ ಚಿವುಟಿದರೆ ನಾಯಿಗೆ ನೋವು ಗೊತ್ತಾಗುತ್ತದೋ ಇಲ್ಲವೋ ಎಂಬುದರ ಮೇಲೆ ಶಸ್ತ್ರಚಿಕಿತ್ಸೆಯ ಫಲ ನಿಂತಿದೆ. ನಾಗರ, ಕಟ್ಟುಹಾವಿನ ವಿಷ ಗಂಟೆಗಳೊಳಗೆ ಕಾಲು ಕಟ್ಟಿಸಿ ಉಸಿರಿಗೆ ಬರುತ್ತದೆ. ಕೀಟನಾಶಕ ಹೊಟ್ಟೆಗೆ ಹೋದರೆ ಜೊಲ್ಲು, ವಾಂತಿ, ನಡುಕ. ಉಣ್ಣಿಯಿಂದ ಬರುವ ಎರ್ಲಿಕಿಯ ರೋಗದಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು ನಾಯಿ ಸುಸ್ತಾಗಿ ಹಿಂಭಾಗ ಎತ್ತಲಾರದಂತಾಗುತ್ತದೆ. ರಕ್ತಪರೀಕ್ಷೆಯಲ್ಲಿ ಸಿಗುತ್ತದೆ, ಡಾಕ್ಸಿಸೈಕ್ಲಿನ್ ಮಾತ್ರೆಗೆ ಸಾಮಾನ್ಯವಾಗಿ ಬಗ್ಗುತ್ತದೆ. ಇವೆಲ್ಲವೂ ಬೆನ್ನುಹುರಿಯ ನವೆತಕ್ಕಿಂತ ಹೆಚ್ಚು ಸಾಮಾನ್ಯ, ಹಲವಕ್ಕೆ ಮದ್ದಿದೆ. ಅಂತರ್ಜಾಲದಲ್ಲಿ ಅಪರೂಪದ ರೋಗದ ಹೆಸರು ಓದಿ ಕೈಚೆಲ್ಲಿ ಕೂರುವುದು ವಯಸ್ಸಾಯಿತು ಎಂದು ಸುಮ್ಮನಾದಷ್ಟೇ ತಪ್ಪು.

ಡಾಬರ್‌ಮನ್ ಸಾಕಿದವರಿಗಾಗಿ ಇನ್ನೊಂದು ಕಾಯಿಲೆಯ ಹೆಸರು ಹೇಳಲೇಬೇಕು, ಏಕೆಂದರೆ ಅದು ಇನ್ನೂ ಅಪರೂಪ. ನಿಂತಲ್ಲೇ ನಾಯಿ ಒಂದು ಹಿಂಗಾಲನ್ನು ಮಡಿಚಿ ಎತ್ತುತ್ತದೆ. ತಿಂಗಳುಗಳ ಮೇಲೆ ಇನ್ನೊಂದು ಕಾಲಿಗೂ ಅದು ಬರುತ್ತದೆ. ಆಗ ಎರಡನ್ನೂ ಸರದಿಯಂತೆ ಎತ್ತಿ ಇಳಿಸುತ್ತ ನಿಲ್ಲುವುದು ಕುಣಿದಂತೆ ಕಾಣುತ್ತದೆ. ನಿಲ್ಲುವುದಕ್ಕಿಂತ ಕೂರುವುದೇ ಅದಕ್ಕೆ ಹಿತ. ಫ್ಲಾರಿಡಾದ ಪಶು ನರವೈದ್ಯೆ ಚೆರಿಲ್ ಕ್ರಿಸ್ಮನ್ 1990ರಲ್ಲಿ ಇದನ್ನು ಡಾನ್ಸಿಂಗ್ ಡಾಬರ್‌ಮನ್ ಕಾಯಿಲೆ ಎಂದು ದಾಖಲಿಸಿದರು. ಮೀನಖಂಡದ ಸ್ನಾಯು ಮತ್ತು ಅದರ ನರದಲ್ಲಿ ದೋಷ ಕಂಡಿದೆ, ಮೂಲ ಕಾರಣ ಬಿಡಿಸಲಾಗಿಲ್ಲ, ಮದ್ದಿಲ್ಲ. ಆದರೆ ನೋವೂ ಇಲ್ಲ. ಇಂಥ ನಾಯಿಗಳು ವರ್ಷಗಟ್ಟಲೆ ಚೆನ್ನಾಗಿಯೇ ಬದುಕುತ್ತವೆ.

ಮದ್ದಿಲ್ಲದ ಕಡೆ ಆರೈಕೆಗೆ ಎಷ್ಟು ಬಲವಿದೆ ಎಂಬುದಕ್ಕೆ ಸ್ವಿಟ್ಜರ್ಲೆಂಡಿನ ಬರ್ನ್ ನಗರದಿಂದ 2006ರಲ್ಲಿ ಬಂದ ಒಂದು ಸಣ್ಣ ಅಧ್ಯಯನ ಸಾಕ್ಷಿ. ಡೀಜನರೇಟಿವ್ ಮೈಯಲೋಪತಿ ಶಂಕಿತ 22 ನಾಯಿಗಳನ್ನು ಅಲ್ಲಿ ಗಮನಿಸಿದರು. ದಿನವೂ ತೀವ್ರವಾಗಿ ವ್ಯಾಯಾಮ ಮಾಡಿಸಿದ ನಾಯಿಗಳು ಸರಾಸರಿ 255 ದಿನ ಬದುಕಿದವು, ಸಾಧಾರಣ ವ್ಯಾಯಾಮ ಪಡೆದವು 130 ದಿನ, ಏನೂ ಮಾಡಿಸದವು 55 ದಿನ. ಗುಂಪು ಚಿಕ್ಕದು, ಚೆನ್ನಾಗಿದ್ದ ನಾಯಿಗೇ ಹೆಚ್ಚು ವ್ಯಾಯಾಮ ಸಿಕ್ಕಿರಬಹುದೆಂಬ ಆಕ್ಷೇಪಕ್ಕೂ ಜಾಗವಿದೆ. ಹಾಗಿದ್ದರೂ 55 ಮತ್ತು 255ರ ನಡುವಿನ ಅಂತರವನ್ನು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ.

ಆ ವ್ಯಾಯಾಮಕ್ಕೆ ಯಂತ್ರ ಬೇಕಿಲ್ಲ. ದಿನಕ್ಕೆ ಹಲವು ಸಲ ಐದೈದು ನಿಮಿಷ ನಿಧಾನ ನಡಿಗೆ, ಸೊಂಟದ ಕೆಳಗೆ ಟವೆಲ್ಲಿನ ಆಸರೆ. ಮಲಗಿದಾಗ ಪ್ರತಿ ಕೀಲನ್ನೂ ಮಡಿಚಿ ಬಿಡಿಸುವುದು, ತೊಡೆ ತಿಕ್ಕುವುದು. ಆಳವಿಲ್ಲದ, ಸೆಳೆತವಿಲ್ಲದ ನೀರಿದ್ದರೆ ಅದರಲ್ಲಿ ನಡೆಸುವುದು. ಕೊಡಗಿನ ಹಳೆಯ ಮನೆಗಳ ರೆಡ್ ಆಕ್ಸೈಡ್ ನೆಲ ನೋಡಲು ಚೆಂದ, ಈ ನಾಯಿಗೆ ಮಾತ್ರ ಶತ್ರು. ಓಡಾಡುವ ದಾರಿಯುದ್ದಕ್ಕೂ ಕಾಫಿಯ ಗೋಣಿಚೀಲ ಹೊಲಿದು ಹಾಸಿದರೆ ಪಾದಕ್ಕೆ ಹಿಡಿತ ಸಿಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಯಲ್ಲಿ ಎಳೆದು ಗಾಯವಾದ ಪಾದ ಒಣಗುವುದೇ ಇಲ್ಲ, ಕೀವಾಗುತ್ತದೆ, ಹುಳ ಬೀಳುತ್ತದೆ. ಪಾದಕ್ಕೆ ಚರ್ಮದ ಅಥವಾ ರಬ್ಬರಿನ ಚೀಲ ಕಟ್ಟಿ, ಸಂಜೆ ಬಿಚ್ಚಿ ಒರೆಸಬೇಕು. ಮೂತ್ರ ಪೂರ್ತಿ ಹೋಗುತ್ತಿದೆಯೇ ಎಂದು ನೋಡಬೇಕು, ಉಳಿದರೆ ಸೋಂಕು. ತೂಕ ಏರಲು ಬಿಡಬಾರದು. ಹಿಂಗಾಲು ಪೂರ್ತಿ ಸೋತ ಮೇಲೆ ಎರಡು ಚಕ್ರದ ಗಾಡಿ ಕಟ್ಟಿದರೆ ನಾಯಿ ಮತ್ತೆ ಅಂಗಳ ಸುತ್ತುತ್ತದೆ. ಮುಂಗಾಲಿಗೂ ಬಂದು, ತಲೆಯೆತ್ತಲೂ ಆಗದ ದಿನ ಬಂದರೆ ವೈದ್ಯರೊಡನೆ ಕೂತು ನೆಮ್ಮದಿಯ ಸಾವಿನ ಮಾತಾಡುವುದು ಕ್ರೌರ್ಯವಲ್ಲ. ಹಿಂಗಾಲು ಎಳೆದ ಮೊದಲ ವಾರವೇ ಆ ಮಾತು ಎತ್ತುವುದು ಮಾತ್ರ ಅನ್ಯಾಯ.

ಪಶುವೈದ್ಯರ ಬಳಿ ಹೋಗುವಾಗ ನಾಯಿ ನಡೆಯುವುದನ್ನು, ತಿರುಗುವುದನ್ನು ಹಿಂದಿನಿಂದ ಮತ್ತು ಪಕ್ಕದಿಂದ ಫೋನಿನಲ್ಲಿ ವಿಡಿಯೊ ಮಾಡಿಕೊಂಡು ಹೋಗಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿ ಮುದುಡಿದ ನಾಯಿ ತನ್ನ ನಡಿಗೆಯನ್ನು ತೋರಿಸುವುದಿಲ್ಲ. ಯಾವಾಗ ಶುರುವಾಯಿತು, ನೋವಿದೆಯೇ, ಲಸಿಕೆ ಯಾವ ತಿಂಗಳು ಹಾಕಿಸಿತ್ತು ಎಂಬ ಮೂರು ಪ್ರಶ್ನೆಗೆ ಉತ್ತರ ಬರೆದಿಟ್ಟುಕೊಳ್ಳಿ. ಬೆನ್ನುಹುರಿಯ ಎಂಆರ್‌ಐ ಬೇಕೆಂದರೆ ಬೆಂಗಳೂರಿನಂಥ ದೊಡ್ಡ ನಗರಕ್ಕೇ ಹೋಗಬೇಕಾದೀತು. ಆದರೆ ಅರ್ಧ ರೋಗನಿದಾನ ಈ ಮೂರು ಉತ್ತರಗಳಲ್ಲೇ ಇದೆ.

ಕೊನೆಯ ಮಾತು ಶೆಫರ್ಡ್ ಮತ್ತು ಬಾಕ್ಸರ್ ಮರಿ ಮಾಡಿಸಿ ಮಾರುವವರಿಗೆ, ಕೊಳ್ಳುವವರಿಗೆ. ಕೂಡಿಸುವ ಮೊದಲು ಗಂಡಿಗೂ ಹೆಣ್ಣಿಗೂ ಎಸ್‌ಒಡಿ1 ಪರೀಕ್ಷೆ ಮಾಡಿಸಿ. ಕೆನ್ನೆಯ ಒಳಗಿನ ಜೊಲ್ಲನ್ನು ಹತ್ತಿಯಲ್ಲಿ ಒರೆಸಿ ಕಳಿಸಿದರೆ ಆಯಿತು. ಒಂದು ಪ್ರತಿ ಮಾತ್ರ ಕೆಟ್ಟಿರುವ ನಾಯಿಯನ್ನು ತಳಿಯಿಂದಲೇ ಹೊರಹಾಕಬೇಕಿಲ್ಲ, ಹಾಗೆ ಮಾಡಿದರೆ ಉಳಿದ ರಕ್ತ ಇನ್ನಷ್ಟು ಇಕ್ಕಟ್ಟಾಗುತ್ತದೆ. ಅದನ್ನು ಎರಡೂ ಪ್ರತಿ ಸರಿಯಿರುವ ನಾಯಿಯ ಜೊತೆ ಕೂಡಿಸಿದರೆ ಹುಟ್ಟುವ ಯಾವ ಮರಿಗೂ ಎರಡು ಕೆಟ್ಟ ಪ್ರತಿ ಬರುವುದಿಲ್ಲ. ಮರಿ ಕೊಳ್ಳುವವರು ವಂಶಾವಳಿಯ ಕಾಗದದ ಜೊತೆ ಈ ಪರೀಕ್ಷೆಯ ಕಾಗದವನ್ನೂ ಕೇಳಬೇಕು. ಜೀವಮಾನಕ್ಕೆ ಒಂದೇ ಸಲ ಮಾಡಿಸುವ ಪರೀಕ್ಷೆ ಅದು, ಫಲಿತಾಂಶ ಬದಲಾಗುವುದಿಲ್ಲ.